ಪಿಯಾನೊ ಪಾಠಕ್ಕೆ ಮಕ್ಕಳು ಬೇಕಾಗಿದ್ದಾರೆ!

ಮಕ್ಕಳೇ, ಪಿಯಾನೊದಲ್ಲಿ ಎಷ್ಟು ಕೀಗಳಿರುತ್ತವೆ ಗೊತ್ತೇ? ಒಟ್ಟು 88. ಅದರಲ್ಲಿ 52 ಬಿಳಿ, 36 ಕಪ್ಪು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನಗೆ ಇವನ್ನು ಎಣಿಸುವುದೇನೂ ಕಷ್ಟವಲ್ಲ. ಆದರೆ ಮೈಸೂರಿನ ನಮ್ಮ ಮನೆಯಲ್ಲಿ ಸೊಸೆ ಪಿಯಾನೊ ಪಾಠ ಶುರು ಮಾಡಿದ ಮೊದಲ ತಿಂಗಳು, ಶಿಷ್ಯರನ್ನು ಎಣಿಸಲು ಎರಡೇ ಬೆರಳು ಸಾಕಾಗಿದ್ದವು!

ಅವಳು ಶಾಲೆಯ ಕೆಲಸ ಬಿಟ್ಟು, ಸಾಲ ಮಾಡಿ ಡಿಜಿಟಲ್ ಪಿಯಾನೊ ಕೊಂಡಿದ್ದಳು. ಪ್ರತಿ ತಿಂಗಳೂ ಕಂತು ಕಟ್ಟಬೇಕು. ಗೇಟಿಗೆ ಬೋರ್ಡು ಹಾಕಿದ್ದಾಯಿತು, ಪೇಪರ್ ಹುಡುಗನ ಕೈಯಲ್ಲಿ ಕರಪತ್ರ ಹಂಚಿಸಿದ್ದಾಯಿತು. ಫೋನ್ ಮಾಡಿದವರು ಫೀಸು ಕೇಳಿ ಸುಮ್ಮನಾಗುತ್ತಿದ್ದರು. "ಮೂರು ತಿಂಗಳು ನೋಡುತ್ತೇನೆ ಮಾವ, ಆಗದಿದ್ದರೆ ಮತ್ತೆ ಕೆಲಸಕ್ಕೆ ಹೋಗುತ್ತೇನೆ" ಎಂದಳು.

ಆಗ ನಾವು ಮಾಡಿದ್ದು ಒಂದೇ ಕೆಲಸ. ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿಟ್ಟು, ಬೀದಿಯ ಮಕ್ಕಳನ್ನೆಲ್ಲ ಕರೆದೆವು. "ಮೆಲ್ಲಗೆ ಒತ್ತು" ಎಂದಳು ಸೊಸೆ. ಪಿಸುಮಾತಿನಂಥ ಸದ್ದು. "ಈಗ ಜೋರಾಗಿ!" ಗುಡುಗು! ಅದಕ್ಕೂ ಹಿಂದಿನ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ಹೀಗೆ ಬೆರಳಿನ ಬಲದಿಂದ ಸದ್ದನ್ನು ಏರಿಳಿಸಲು ಆಗುತ್ತಿರಲಿಲ್ಲ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬಾತ ತಂತಿಗೆ ಪುಟ್ಟ ಸುತ್ತಿಗೆ ಬಡಿಯುವಂತೆ ಮಾಡಿ ಇದನ್ನು ಸಾಧಿಸಿದ. ಇಟಾಲಿಯನ್ ಭಾಷೆಯಲ್ಲಿ 'ಪಿಯಾನೊ' ಎಂದರೆ ಮೆಲ್ಲಗೆ, 'ಫೋರ್ಟೆ' ಎಂದರೆ ಜೋರಾಗಿ. ವಾದ್ಯದ ಪೂರ್ಣ ಹೆಸರೇ ಪಿಯಾನೊಫೋರ್ಟೆ!

ಮಕ್ಕಳು ಮೇಲೇಳಲು ಒಪ್ಪಲಿಲ್ಲ. ಹಿರಿಯರಿಗೆ ಮಾತ್ರ ಅನುಮಾನ. "ನಮ್ಮ ಸಂಗೀತ ಬಿಟ್ಟು ಇದೇಕೆ ಸ್ವಾಮಿ?" ಎಂದರೊಬ್ಬರು. ನಮ್ಮ ಮಹಾರಾಜರಾಗಿದ್ದ ಜಯಚಾಮರಾಜ ಒಡೆಯರ್ ಪಿಯಾನೊ ಕಲಿತು, ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಪಡೆದವರು. ಅವರೇ ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿಗಳನ್ನು ರಚಿಸಿದರು. ಒಂದನ್ನು ಕಲಿತರೆ ಇನ್ನೊಂದು ಮರೆಯುವುದಿಲ್ಲ ಎಂದು ನೆನಪಿಸಿದೆ.

"ಮನೆಯಲ್ಲಿ ಪಿಯಾನೊ ಇಲ್ಲವಲ್ಲ?" ಎಂಬುದು ಮುಂದಿನ ಪ್ರಶ್ನೆ. ಬೆರಳಿನ ಬಲಕ್ಕೆ ತಕ್ಕಂತೆ ಸದ್ದು ಬದಲಾಗುವ 61 ಕೀಗಳ ಕೀಬೋರ್ಡ್ ಇದ್ದರೆ ಆರಂಭಕ್ಕೆ ಸಾಕು ಎಂದು ಸೊಸೆ ಹೇಳಿದಳು. ಫೀಸೆಷ್ಟು, ಮಗುವಿಗೆ ಜ್ವರ ಬಂದು ಪಾಠ ತಪ್ಪಿದರೆ ಬದಲಿ ದಿನ ಯಾವುದು, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೊಟ್ಟೆವು. ಮೊದಲ ಪಾಠ ಉಚಿತ. ದುಡ್ಡಿನ ಮಾತು ಬಾಯಲ್ಲಿದ್ದರೆ ಜಗಳ, ಬರಹದಲ್ಲಿದ್ದರೆ ನೆಮ್ಮದಿ. ಇದು ಬ್ಯಾಂಕು ಕಲಿಸಿದ ಪಾಠ.

ಆ ಭಾನುವಾರ ನಾನು ಗಮನಿಸಿದ ಸಂಗತಿ ಬೇರೆಯೇ. ಮಕ್ಕಳ ಕೈಹಿಡಿದು ಕರೆತಂದವರಲ್ಲಿ ಹೆಚ್ಚಿನವರು ಅಜ್ಜ ಅಜ್ಜಿಯರು. ಅಪ್ಪ ಅಮ್ಮ ಕೆಲಸದಿಂದ ಬರುವುದು ಕತ್ತಲಾದ ಮೇಲೆ. ಹಾಗಾದರೆ ಪಾಠ ನಡೆಯಬೇಕಾದ್ದು ಶಾಲೆ ಬಿಟ್ಟ ಮೇಲೆ, ದೀಪ ಹಚ್ಚುವುದರೊಳಗೆ. ಕಾಯುವವರಿಗೆ ಕೂರಲು ಜಾಗವೂ ಬೇಕು. ಜಗಲಿಯಲ್ಲಿ ಒಂದು ಬೆಂಚು, ಕುಡಿಯುವ ನೀರು, ದಿನಪತ್ರಿಕೆ ಇಟ್ಟೆ. ಬೆಂಚಿನ ಮೇಲೆ ಕುಳಿತವರು ಸಂಜೆ ಪಾರ್ಕಿನಲ್ಲಿ ಆಡಿದ ಮಾತು ಯಾವ ಕರಪತ್ರವೂ ಮುಟ್ಟದ ಮನೆಗಳನ್ನು ಮುಟ್ಟಿತು.

ನಾಲ್ಕರಿಂದ ಏಳು ಗಂಟೆ, ಒಬ್ಬರಿಗೆ ಅರ್ಧ ಗಂಟೆ. ದಿನಕ್ಕೆ ಆರು ಪಾಠ, ಐದು ದಿನಕ್ಕೆ 30. ವಾರಕ್ಕೊಂದು ಪಾಠವಾದರೆ ಇಷ್ಟೇ ಶಿಷ್ಯರು ಸಾಕು, ಅದಕ್ಕಿಂತ ಹೆಚ್ಚು ಬೇಡ ಎಂದು ಸೊಸೆಗೆ ಲೆಕ್ಕ ಹಾಕಿಕೊಟ್ಟೆ. ಮೂರನೆಯ ತಿಂಗಳ ಕೊನೆಗೆ 14 ಮಕ್ಕಳಾದರು. ಆ ತಿಂಗಳ ಕಂತು ಫೀಸಿನ ಹಣದಿಂದಲೇ ಸಂದಿತು. ಕೆಲಸಕ್ಕೆ ಮರಳುವ ಮಾತು ಮತ್ತೆ ಬರಲಿಲ್ಲ.

ಮೊನ್ನೆ ಹಾಜರಿ ಪುಸ್ತಕದಲ್ಲಿ ಹದಿನೈದನೆಯ ಹೆಸರು ಬರೆದೆ. ಮೊಮ್ಮಗಳಿಗಾಗಿ ದಿನವೂ ಬೆಂಚಿನಲ್ಲಿ ಕಾಯುತ್ತಿದ್ದ ಅಜ್ಜಿಯದು. "ಕಾಯುವುದು ಹೇಗೂ ಕಾಯುತ್ತೇನೆ, ನನಗೂ ಕಲಿಸಮ್ಮಾ" ಎಂದರಂತೆ. ವಯಸ್ಸಿನ ಕಾಲಂನಲ್ಲಿ 68 ಎಂದು ಬರೆಸಿದ್ದಾರೆ.