ಮದ್ದು ಎಲ್ಲಿತ್ತು? ಊಹಿಸಿ ನೋಡೋಣ!

ಆಂಟಿಬಯೋಟಿಕ್‌ಗಳಿಗೆ ಬಗ್ಗದ ಬ್ಯಾಕ್ಟೀರಿಯಾವನ್ನೂ ಕೊಲ್ಲುವ ಹೊಸ ಮದ್ದೊಂದು 2016ರಲ್ಲಿ ಸಿಕ್ಕಿತು. ಎಲ್ಲಿ, ಹೇಳಿ? ಅಮೆಜಾನ್ ಕಾಡಿನಲ್ಲೇ? ಅಲ್ಲ! ಕಡಲಿನ ತಳದಲ್ಲೇ? ಅದೂ ಅಲ್ಲ! ಸೋತಿರಾ? ಮೂಗು ಮುಟ್ಟಿ ನೋಡಿಕೊಳ್ಳಿ. ಅಲ್ಲೇ!

ಹೌದು, ಮನುಷ್ಯನ ಮೂಗಿನ ಹೊಳ್ಳೆಯೊಳಗೆ! ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ!

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ಆಂಡ್ರಿಯಾಸ್ ಪೆಶಲ್ ತಂಡಕ್ಕೆ ಒಂದು ಒಗಟು ಕಾಡುತ್ತಿತ್ತು. ಆಸ್ಪತ್ರೆಗಳನ್ನು ನಡುಗಿಸುವ ಸ್ಟಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರ ಮೂಗಿನಲ್ಲಿ ಆರಾಮಾಗಿ ಬಿಡಾರ ಹೂಡಿರುತ್ತದೆ. ಉಳಿದವರ ಮೂಗಿನಲ್ಲಿ ಏಕಿಲ್ಲ? ಯಾರು ಓಡಿಸುತ್ತಿದ್ದಾರೆ?

ಮೂಗಿನಿಂದ ತೆಗೆದ 90 ಬ್ಯಾಕ್ಟೀರಿಯಾ ತಳಿಗಳನ್ನು ಆರಿಯಸ್ ಮೇಲೆ ಛೂ ಬಿಟ್ಟರು. ಸಿಕ್ಕೇಬಿಟ್ಟಿತು! ಅದರ ಹೆಸರು ಸ್ಟಫೈಲೊಕಾಕಸ್ ಲಗ್ಡುನೆನ್ಸಿಸ್. ಆರಿಯಸ್‌ನ ದಾಯಾದಿಯೇ! ಕಬ್ಬಿಣದ ಅಂಶ ಕಡಿಮೆಯಿದ್ದಾಗ ಇದರ ಕೈಚಳಕ ಇನ್ನೂ ಜೋರು. ಮೂಗಿನಲ್ಲಿ ಊಟಕ್ಕೆ ಬರ, ಅಲ್ಲಿ ಬದುಕಬೇಕೆಂದರೆ ಪಕ್ಕದವನನ್ನು ಮುಗಿಸಲೇಬೇಕು! ಆ ಅಸ್ತ್ರವೇ ಲಗ್ಡುನಿನ್.

ಈಗ ಲೆಕ್ಕ ಕೇಳಿ. 187 ರೋಗಿಗಳ ಮೂಗು ಪರೀಕ್ಷಿಸಿದರು. ಲಗ್ಡುನೆನ್ಸಿಸ್ ಇಲ್ಲದವರಲ್ಲಿ ಶೇ. 34.7 ಮಂದಿಗೆ ಆರಿಯಸ್ ಇತ್ತು. ಇದ್ದವರಲ್ಲಿ? ಶೇ. 20? ಹತ್ತು? ಇನ್ನೂ ಇಳಿಯಿರಿ... ಬರೀ ಶೇ. 5.9!

ಲಗ್ಡುನಿನ್ ಶತ್ರುವಿನ ಕೋಶಪೊರೆಯ ಮೂಲಕ ಪ್ರೋಟಾನ್‌ಗಳನ್ನು ಸಾಗಿಸಿ ಅದರ ವಿದ್ಯುತ್ ಸಮತೋಲವನ್ನೇ ಕೆಡಿಸುತ್ತದೆ. ಮೆಥಿಸಿಲಿನ್ ಎಂಬ ಆಂಟಿಬಯೋಟಿಕ್‌ಗೂ ಜಗ್ಗದ ಎಂಆರ್‌ಎಸ್‌ಎ ಎಂಬ ಆರಿಯಸ್ ತಳಿಯೂ ಇದರ ಮುಂದೆ ಮಂಡಿಯೂರಿತು! ಇಲಿಗಳ ಚರ್ಮಕ್ಕೆ ಆರಿಯಸ್ ಸೋಂಕು ತಗುಲಿಸಿ ಲಗ್ಡುನಿನ್ ಅನ್ನು ಮುಲಾಮಾಗಿ ಹಚ್ಚಿದರು. ಕೆಲವು ಇಲಿಗಳಲ್ಲಿ ಆರಿಯಸ್ ನಿರ್ನಾಮ! ಪ್ರಯೋಗಾಲಯದಲ್ಲಿ 30 ದಿನ ಒಂದೇ ಸಮನೆ ಕಾಡಿದರೂ ಆರಿಯಸ್‌ಗೆ ಪ್ರತಿರೋಧ ಬೆಳೆಸಿಕೊಳ್ಳಲು ಆಗಲಿಲ್ಲ!

ಇನ್ನೂ ಖುಷಿಯ ಸಂಗತಿ, ರಸಾಯನತಜ್ಞರು ಇದೇ ಅಣುವನ್ನು ತಾವೇ ಕೂಡಿಸಿ ಕಟ್ಟಿದ್ದಾರೆ. ಮೂಗಿನದಕ್ಕೂ ಗಾಜಿನ ಬಾಟಲಿಯದಕ್ಕೂ ಅದೇ ಕಸುವು! ಅಣುವಿನ ಭಾಗಗಳನ್ನು ಅದಲುಬದಲು ಮಾಡಿ ಹೊಸ ರೂಪಗಳನ್ನೂ ಪರೀಕ್ಷಿಸಿದ್ದಾರೆ. ಮೆಡಿಕಲ್ ಶಾಪಿಗೆ ಓಡಬೇಡಿ, ಮಾರಾಯ್ರೇ! ಇದಿನ್ನೂ ಔಷಧವಾಗಿಲ್ಲ. ಲಗ್ಡುನೆನ್ಸಿಸ್ ಕೂಡ ಪೂರ್ತಿ ಸಾಧುವಲ್ಲ, ಒಮ್ಮೊಮ್ಮೆ ತಾನೇ ಸೋಂಕು ತರುತ್ತದೆ. ಹಾಗಾಗಿ ಅದನ್ನು ಮೂಗಿಗೆ ಬಿಟ್ಟುಕೊಳ್ಳುವುದಕ್ಕಿಂತ ಅದರ ಅಣುವನ್ನು ಕದಿಯುವುದೇ ಜಾಣತನ.

ಇಷ್ಟಕ್ಕೇ ಮುಗಿಯಲಿಲ್ಲ! 2023ರ ಕೊನೆಯಲ್ಲಿ ಟ್ಯೂಬಿಂಗನ್ ತಂಡ ಮತ್ತೊಂದನ್ನು ಹೊರಗೆಳೆಯಿತು, ಎಪಿಫಾಡಿನ್. ಆರಿಯಸ್ ಅನ್ನು ಇದೂ ಕೊಲ್ಲುತ್ತದೆ. ಆದರೆ ಇದರ ಆಯುಷ್ಯ ಕೆಲವೇ ಗಂಟೆ! ಕೊಲ್ಲಬೇಕಾದ್ದನ್ನು ಕೊಂದು, ತಾನೇ ಕರಗಿಹೋಗುತ್ತದೆ. ಇದು ಸಿಕ್ಕಿದ್ದೆಲ್ಲಿ ಅಂತೀರಿ? ಮತ್ತೆ ಮೂಗಿನಲ್ಲೇ!