ದೀರ್ಘಕಾಲದ ಕಾಯಿಲೆಗೆ ವಾರಕ್ಕೊಂದು ಸಂದೇಶ

ಸಕ್ಕರೆ ಕಾಯಿಲೆ, ರಕ್ತದೊತ್ತಡ, ಎಚ್‌ಐವಿ ಸೋಂಕು ಮೊದಲಾದವನ್ನು ರೋಗಿಯು ವರ್ಷಗಟ್ಟಲೆ, ಎಷ್ಟೋ ವೇಳೆ ಬದುಕಿನುದ್ದಕ್ಕೂ, ಹತೋಟಿಯಲ್ಲಿಟ್ಟುಕೊಳ್ಳಬೇಕಾಗುವುದರಿಂದ ವೈದ್ಯಶಾಸ್ತ್ರವು ಅವನ್ನು ದೀರ್ಘಕಾಲೀನ ಕಾಯಿಲೆಗಳೆಂದು ಕರೆಯುತ್ತದೆ. ವೈದ್ಯರ ಭೇಟಿ ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ನಡೆದರೆ, ಉಳಿದ ದಿನಗಳಲ್ಲಿ ಮಾತ್ರೆ ನುಂಗುವುದೂ ಪಥ್ಯ ಪಾಲಿಸುವುದೂ ರೋಗಿಗೇ ಬಿಟ್ಟದ್ದು. ಮೈ ಹಗುರವೆನಿಸಿದೊಡನೆ ಮಾತ್ರೆ ಬಿಡುವವರು, ಅಡ್ಡಪರಿಣಾಮಕ್ಕೆ ಹೆದರಿ ನಿಲ್ಲಿಸುವವರು, ಬಸ್ ಚಾರ್ಜಿಗೆ ಹಣವಿಲ್ಲದೆ ಆಸ್ಪತ್ರೆಗೆ ಬಾರದವರು ಎಲ್ಲೆಡೆಯೂ ಇದ್ದಾರೆ. ಈ ನಡುವಿನ ಅವಧಿಯಲ್ಲಿ ಮೊಬೈಲಿನ ಕಿರುಸಂದೇಶ ಎಷ್ಟರಮಟ್ಟಿಗೆ ನೆರವಾದೀತೆಂಬುದನ್ನು ಹಲವು ದೇಶಗಳಲ್ಲಿ ಪರೀಕ್ಷಿಸಲಾಗಿದೆ.

ಇವುಗಳಲ್ಲಿ ಹೆಸರುವಾಸಿಯಾದದ್ದು ಕೀನ್ಯಾದ 'ವೆಲ್‌ಟೆಲ್' ಪ್ರಯೋಗ. ಇದರ ಫಲಿತಾಂಶ 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಎಚ್‌ಐವಿ ಚಿಕಿತ್ಸೆ ಆರಂಭಿಸಿದ್ದ 538 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ವಾರಕ್ಕೊಮ್ಮೆ 'ಮಾಂಬೊ?' ಎಂದು, ಅಂದರೆ ಸ್ವಾಹಿಲಿಯಲ್ಲಿ 'ಹೇಗಿದ್ದೀರಿ?' ಎಂದು ಕೇಳಲಾಗುತ್ತಿತ್ತು. ರೋಗಿಯು 48 ಗಂಟೆಗಳೊಳಗೆ 'ಸಾವಾ' (ಚೆನ್ನಾಗಿದ್ದೇನೆ) ಅಥವಾ 'ಶಿಡಾ' (ತೊಂದರೆಯಿದೆ) ಎಂದು ಉತ್ತರಿಸಬೇಕಿತ್ತು. ತೊಂದರೆ ಹೇಳಿಕೊಂಡವರಿಗೂ ಉತ್ತರಿಸದವರಿಗೂ ಆರೋಗ್ಯ ಸಿಬ್ಬಂದಿಯೇ ಕರೆ ಮಾಡಿ ವಿಚಾರಿಸುತ್ತಿದ್ದರು. ಸಂದೇಶದಲ್ಲಿ ಕಾಯಿಲೆಯ ಹೆಸರಾಗಲಿ ಮಾತ್ರೆಯ ಮಾತಾಗಲಿ ಇರಲಿಲ್ಲವಾದ್ದರಿಂದ, ಫೋನು ಮನೆಯವರ ಕೈಗೆ ಸಿಕ್ಕರೂ ಗುಟ್ಟು ಬಯಲಾಗುತ್ತಿರಲಿಲ್ಲ. ಸಂದೇಶ ಪಡೆದವರಲ್ಲಿ ಶೇ. 62ರಷ್ಟು ಜನ ಮಾತ್ರೆಗಳನ್ನು ಸರಿಯಾಗಿ ತೆಗೆದುಕೊಂಡಿದ್ದಾಗಿ ತಿಳಿಸಿದರು. ಪಡೆಯದವರಲ್ಲಿ ಈ ಪ್ರಮಾಣ ಶೇ. 50 ಇತ್ತು. ರಕ್ತದಲ್ಲಿನ ವೈರಾಣು ಹತೋಟಿಗೆ ಬಂದವರ ಪ್ರಮಾಣವೂ ಶೇ. 48ಕ್ಕೆ ಪ್ರತಿಯಾಗಿ ಶೇ. 57ರಷ್ಟಿತ್ತು.

ಅದೇ ದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಮುಚ್ಚಳ ತೆರೆದಾಗಲೆಲ್ಲ ಅದನ್ನು ದಾಖಲಿಸುವ ಔಷಧದ ಡಬ್ಬಿಗಳನ್ನು ಬಳಸಿ ಅಳತೆ ಮಾಡಿದಾಗ, ವಾರಕ್ಕೊಮ್ಮೆ ಬಂದ ನೆನಪಿನ ಸಂದೇಶ ಫಲ ಕೊಟ್ಟಿತೆಂದೂ ಪ್ರತಿದಿನ ಬಂದದ್ದು ಕೊಡಲಿಲ್ಲವೆಂದೂ ಕಂಡುಬಂತು. ಸಂದೇಶ ಹೆಚ್ಚಾದಷ್ಟೂ ಪ್ರಯೋಜನ ಹೆಚ್ಚೆಂಬ ಎಣಿಕೆ ಹೀಗೆ ಸುಳ್ಳಾಯಿತು.

ಭಾರತದ ಅನುಭವ ಮಿಶ್ರವಾಗಿದೆ. ಚೆನ್ನೈನ ಸಂಶೋಧಕರು ಸಕ್ಕರೆ ಕಾಯಿಲೆಯ ಅಂಚಿನಲ್ಲಿದ್ದ 537 ಪುರುಷರ ಮೇಲೆ ಎರಡು ವರ್ಷ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರ ಮತ್ತು ವ್ಯಾಯಾಮ ಕುರಿತ ಸಂದೇಶ ಪಡೆದವರಲ್ಲಿ ಶೇ. 18ರಷ್ಟು ಜನರಿಗೂ ಪಡೆಯದವರಲ್ಲಿ ಶೇ. 27ರಷ್ಟು ಜನರಿಗೂ ಕಾಯಿಲೆ ಬಂತು. ಆದರೆ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಪಾಲ್ಗೊಂಡು 2014ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ದಕ್ಷಿಣ ಭಾರತದ 631 ಎಚ್‌ಐವಿ ರೋಗಿಗಳಿಗೆ ವಾರವಾರವೂ ಯಂತ್ರಚಾಲಿತ ಧ್ವನಿಕರೆ ಮತ್ತು ಚಿತ್ರಸಂದೇಶ ಕಳುಹಿಸಿದರೂ ಚಿಕಿತ್ಸೆಯ ಫಲದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಕನ್ನಡಕ್ಕೆ ಇನ್ನೊಂದು ಇಕ್ಕಟ್ಟಿದೆ. ಒಂದು ಎಸ್ಸೆಮ್ಮೆಸ್ಸಿನಲ್ಲಿ ಇಂಗ್ಲಿಷಿನ 160 ಅಕ್ಷರಗಳು ಹಿಡಿದರೆ ಕನ್ನಡ ಲಿಪಿಗೆ ದೊರೆಯುವುದು 70 ಸ್ಥಾನಗಳು ಮಾತ್ರ. ಕಾಗುಣಿತದ ಗುರುತು, ಒತ್ತಕ್ಷರಗಳಿಗೂ ಬೇರೆ ಬೇರೆ ಸ್ಥಾನ ಬೇಕಾಗುವುದರಿಂದ ಉಪದೇಶಕ್ಕೆ ಅಲ್ಲಿ ಎಡೆಯಿಲ್ಲ. ಕುಶಲಪ್ರಶ್ನೆಗೆ ಮಾತ್ರ ಧಾರಾಳವಾಗಿ ಸಾಲುತ್ತದೆ.

ಮರೆವೊಂದೇ ಅಡ್ಡಿಯಾಗಿದ್ದರೆ ಯಂತ್ರ ನೆನಪಿಸಿದರೆ ಸಾಕಾಗುತ್ತಿತ್ತು. ಭಯ, ಬಡತನ, ಅಡ್ಡಪರಿಣಾಮಗಳು ಅಡ್ಡಿಯಾದಲ್ಲಿ ರೋಗಿಯ ಉತ್ತರವನ್ನು ಓದಿ ಮರುಕರೆ ಮಾಡುವವರು ಬೇಕು. ಸಂದೇಶ ಕಳುಹಿಸಲು ತಗಲುವ ವೆಚ್ಚ ಅತ್ಯಲ್ಪ, ಆ ಸಿಬ್ಬಂದಿಯ ಸಮಯಕ್ಕೆ ತಗಲುವ ವೆಚ್ಚ ಹಾಗಲ್ಲ. ಆದ್ದರಿಂದ ಇಂಥ ಯೋಜನೆ ರೂಪಿಸುವ ಆಸ್ಪತ್ರೆಯು ಏನನ್ನು ಕಳುಹಿಸಬೇಕೆಂದು ಯೋಚಿಸುವ ಮೊದಲು, 'ತೊಂದರೆಯಿದೆ' ಎಂದವರಿಗೆ ಕರೆ ಮಾಡುವವರು ಯಾರೆಂಬುದನ್ನು ಗೊತ್ತುಮಾಡಿಕೊಳ್ಳಬೇಕಾಗುತ್ತದೆ.