ಹಳೆಯ ಮೋಟಾರಿಗೆ ನ್ಯಾಯವಾದ ಬೆಲೆ ಎಷ್ಟು?

ಹೊಸ ಕಾರಿಗಿಂತ ಹಳೆಯ ಕಾರಿಗೇ ಹೆಚ್ಚು ಬೆಲೆ ಬರುತ್ತಿದ್ದ ಕಾಲವೊಂದು ನಮ್ಮ ದೇಶದಲ್ಲಿತ್ತೆಂದರೆ ಇಂದಿನ ತರುಣರು ನಂಬಲಾರರು. 1960ರ ದಶಕದಲ್ಲಿ ಪೇಟೆಯಲ್ಲಿ ಕಾಣುತ್ತಿದ್ದವು ಮುಖ್ಯವಾಗಿ ಮೂರೇ ಜಾತಿಯ ಕಾರುಗಳು: ಅಂಬಾಸಡರ್, ಫಿಯಟ್ ಮತ್ತು ಸ್ಟ್ಯಾಂಡರ್ಡ್ ಹೆರಾಲ್ಡ್. ಹೊಸ ಫಿಯಟ್ಟಿಗೆ ಹೆಸರು ಬರೆಯಿಸಿದವನು ವರ್ಷಗಟ್ಟಲೆ ಕಾಯಬೇಕಾಗುತ್ತಿತ್ತು. ಹೊಸದರ ಬೆಲೆಗೆ ಸರಕಾರದ ಕಡಿವಾಣವಿತ್ತು. ಕಾಯಲಾರದವನ ಆತುರಕ್ಕೆ ಯಾವ ಕಡಿವಾಣವೂ ಇರಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿಯಿತು. 1991ರ ತರುವಾಯ ದೇಶದ ಆರ್ಥಿಕ ನೀತಿಯೂ ಬದಲಾಯಿತು. ಕಾರುಗಳು ಬೇಕಾದಷ್ಟು ದೊರೆಯತೊಡಗಿದಂತೆ ಹಳೆಯದು ಹಳೆಯದೇ ಆಯಿತು. ಅಂದಿನಿಂದ ಕೊಳ್ಳುವವನನ್ನು ಕಾಡುವ ಪ್ರಶ್ನೆ ಒಂದೇ: ಎಷ್ಟು ಹಳೆಯದಕ್ಕೆ ಎಷ್ಟು ಇಳಿಸಬೇಕು?

ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಊರುಗಳಲ್ಲಿ ಈ ಪ್ರಶ್ನೆಗೆ ತೂಕ ಹೆಚ್ಚು. ಇಲ್ಲಿಯ ಶಿಕ್ಷಕರೋ, ಸಕ್ಕರೆ ಕಾರಖಾನೆಯ ನೌಕರರೋ ಎರಡೂವರೆ ಮೂರು ಲಕ್ಷ ರೂಪಾಯಿ ಕೂಡಿಸಿ ಒಂದು ಗಾಡಿ ಕೊಳ್ಳುವಾಗ ಅದು ಶೋಕಿಯ ಮಾತಾಗಿರುವುದಿಲ್ಲ. ವೃದ್ಧ ತಂದೆಯನ್ನು ಬೆಳಗಾವಿಯ ಆಸ್ಪತ್ರೆಗೆ ಕರೆದೊಯ್ಯುವ, ಮಗಳ ಬಾಣಂತನಕ್ಕೆ ಓಡಾಡುವ ಮಾತಾಗಿರುತ್ತದೆ. ಅಲ್ಲಿ ಮೋಸಹೋದರೆ ಹೋಗುವುದು ಹತ್ತು ವರ್ಷದ ಉಳಿತಾಯ.

ಎಲ್ಲಿಂದ ಎಣಿಸಬೇಕು?

ಮಾರುವವನು ಸಾಮಾನ್ಯವಾಗಿ ತಾನು ಕೊಟ್ಟ ಬೆಲೆಯಿಂದ ಲೆಕ್ಕವನ್ನು ಆರಂಭಿಸುತ್ತಾನೆ. ತೆರಿಗೆ, ವಿಮೆ, ಸೀಟಿನ ಹೊದಿಕೆ ಎಲ್ಲವನ್ನೂ ಅದರಲ್ಲಿ ಸೇರಿಸುತ್ತಾನೆ. ಕೊಳ್ಳುವವನು ಹಾಗೆ ಎಣಿಸಲಾಗದು. ಅವನು ಕೇಳಬೇಕಾದುದು, ಅದೇ ಜಾತಿಯ ಹೊಸ ಗಾಡಿ ಇಂದು ಅಂಗಡಿಯಲ್ಲಿ ಎಷ್ಟಕ್ಕೆ ದೊರೆಯುತ್ತದೆ ಎಂಬುದನ್ನು.

ಈ ಭೇದ ಸಣ್ಣದಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿಯಿತು. ಮೇಲಿದ್ದ ಪರಿಹಾರ ಉಪಕರವೂ ಹೋಯಿತು. ಕಾರಖಾನೆಯ ಮೂಲಬೆಲೆ 5,00,000 ರೂಪಾಯಿ ಇದ್ದ ಸಣ್ಣ ಪೆಟ್ರೋಲ್ ಕಾರು, ಶೇಕಡಾ 1ರ ಉಪಕರವೂ ಸೇರಿ ಮೊದಲು 6,45,000 ರೂಪಾಯಿಗೆ ಬೀಳುತ್ತಿದ್ದುದು, ಈಗ 5,90,000ಕ್ಕೆ ಬೀಳುತ್ತದೆ. ಹೊಸದು 55,000 ರೂಪಾಯಿ ಇಳಿದ ದಿನ ಹಳೆಯದೂ ತನ್ನ ಪಾಲನ್ನು ಇಳಿಯಲೇಬೇಕು. ಮಾರುವವನ ಪಾವತಿಯಲ್ಲಿ ಹಳೆಯ ಅಂಕಿಯೇ ಇರುತ್ತದೆಂಬುದು ನಿಜ; ಆದರೆ ಆ ನಷ್ಟವನ್ನು ತುಂಬಿಕೊಡುವುದು ಕೊಳ್ಳುವವನ ಕರ್ತವ್ಯವಲ್ಲ.

ಸವಕಳಿಯ ಪಟ್ಟಿ

ವಿಮಾ ಕಂಪನಿಗಳು ಗಾಡಿಯ ಮೌಲ್ಯವನ್ನು ನಿಶ್ಚಯಿಸಲು ಒಂದು ಪಟ್ಟಿಯನ್ನು ಇಟ್ಟುಕೊಂಡಿವೆ. ಆರು ತಿಂಗಳವರೆಗೆ ಶೇಕಡಾ 5, ಒಂದು ವರ್ಷದವರೆಗೆ 15, ಎರಡು ವರ್ಷದವರೆಗೆ 20, ಮೂರು ವರ್ಷದವರೆಗೆ 30, ನಾಲ್ಕು ವರ್ಷದವರೆಗೆ 40, ಐದು ವರ್ಷದವರೆಗೆ 50. ಅಲ್ಲಿಂದಾಚೆಗೆ ಪಟ್ಟಿಯಿಲ್ಲ, ಕಂಪನಿಯೂ ಮಾಲೀಕನೂ ಮಾತಾಡಿಕೊಂಡು ಮೌಲ್ಯ ನಿಶ್ಚಯಿಸಬೇಕು. ಪೇಟೆ ಈ ಪಟ್ಟಿಗೆ ಕಟ್ಟುಬಿದ್ದಿಲ್ಲ. ಬಿಡಿಭಾಗ ಸುಲಭವಾಗಿ ದೊರೆಯುವ, ಊರಿನ ಮೇಸ್ತ್ರಿಗಳಿಗೆ ಕೈಪಾಠವಾಗಿರುವ ಗಾಡಿ ಪಟ್ಟಿಗಿಂತ ಮೇಲೆ ನಿಲ್ಲುತ್ತದೆ. ತಯಾರಿಕೆ ನಿಂತುಹೋದ ಗಾಡಿ ಕೆಳಗೆ ಬೀಳುತ್ತದೆ. ಆದರೂ ಮಾತು ಆರಂಭಿಸಲು ಇದಕ್ಕಿಂತ ಒಳ್ಳೆಯ ನೆಲೆಗಟ್ಟಿಲ್ಲ. ಮಾರುವವನ ವಿಮಾಪತ್ರದಲ್ಲಿಯೇ ಗಾಡಿಯ ಘೋಷಿತ ಮೌಲ್ಯ ಅಚ್ಚಾಗಿರುತ್ತದೆ; ಅದನ್ನು ಮೊದಲು ಕೇಳಿ ನೋಡಬೇಕು.

ಲೆಕ್ಕ ಹಾಕಿಯೇ ನೋಡೋಣ. ಮೇಲೆ ಹೇಳಿದ ಕಾರು ನಾಲ್ಕೂವರೆ ವರ್ಷದ್ದೆಂದು ಇಟ್ಟುಕೊಳ್ಳಿರಿ. ಇಂದಿನ ಹೊಸ ಬೆಲೆ 5,90,000; ಅರ್ಧ ಕಳೆದರೆ 2,95,000. ನಾಲ್ಕು ಟೈರು ಸವೆದಿದ್ದು ಅದಕ್ಕೆ 18,000, ಬ್ಯಾಟರಿಗೆ 5,000, ಕ್ಲಚ್ಚಿಗೆ 12,000 ತಗಲುವುದಾದರೆ ಒಟ್ಟು 35,000 ಕಳೆಯಬೇಕು. ಉಳಿದ 2,60,000 ರೂಪಾಯಿಯ ಆಸುಪಾಸಿನಲ್ಲಿ ನ್ಯಾಯವಾದ ಬೆಲೆ ಇದೆ. ಮಾರುವವನು 3,60,000 ಕೇಳಿದರೆ, ಆ ಹೆಚ್ಚಿನ ಒಂದು ಲಕ್ಷ ಯಾವುದಕ್ಕೆಂದು ವಿನಯದಿಂದ ವಿಚಾರಿಸುವ ಹಕ್ಕು ನಿಮಗಿದೆ.

ಇನ್ನೊಂದು ರೀತಿಯಿಂದಲೂ ಎಣಿಸಬಹುದು. 2,60,000ಕ್ಕೆ ಕೊಂಡು, 35,000 ದುರಸ್ತಿಗೆ ಹಾಕಿ, ಐದು ವರ್ಷ ಓಡಿಸಿ 1,30,000ಕ್ಕೆ ಮಾರಿದರೆ ವರ್ಷಕ್ಕೆ 33,000 ರೂಪಾಯಿ ಸವಕಳಿ. ಹಳೆಯ ಗಾಡಿಯೆಂದು ವರ್ಷಕ್ಕೆ 15,000 ಹೆಚ್ಚಿನ ದುರಸ್ತಿ ಹಿಡಿದರೂ 48,000. ಅದೇ ಕಾರನ್ನು ಹೊಸದಾಗಿ ತೆರಿಗೆ, ವಿಮೆ ಸೇರಿ 7,10,000ಕ್ಕೆ ಕೊಂಡು ಐದು ವರ್ಷದ ಮೇಲೆ 2,95,000ಕ್ಕೆ ಮಾರಿದರೆ ವರ್ಷಕ್ಕೆ 83,000. ಸವಕಳಿಯ ಭಾರವೆಲ್ಲ ಮೊದಲಿನ ವರ್ಷಗಳಲ್ಲಿಯೇ ಬೀಳುವುದರಿಂದ ಎರಡನೆಯ ಮಾಲೀಕನಿಗೆ ಈ ಲಾಭ; ಗಾಡಿ ಒಳಗಿನಿಂದ ಗಟ್ಟಿಯಾಗಿದ್ದರೆ ಮಾತ್ರ!

ಲಿಂಬೆಹಣ್ಣಿನ ಪೇಟೆ

ಗಟ್ಟಿಯಾಗಿದೆಯೆಂದು ತಿಳಿಯುವುದು ಹೇಗೆ? ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ ಎಂಬವರು 1970ರಲ್ಲಿ ಈ ವಿಷಯವನ್ನೇ ಕುರಿತು ಒಂದು ಪ್ರಬಂಧ ಬರೆದರು. ಕೆಟ್ಟ ಕಾರಿಗೆ ಆ ದೇಶದ ಆಡುಮಾತಿನಲ್ಲಿ ಲಿಂಬೆಹಣ್ಣು ಎನ್ನುತ್ತಾರೆ. ಗಾಡಿಯ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದುದರಿಂದ ಕೊಳ್ಳುವವನು ಎಲ್ಲ ಗಾಡಿಗಳನ್ನೂ ಅನುಮಾನಿಸಿ ಸಾಧಾರಣ ಬೆಲೆಯನ್ನಷ್ಟೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲೊಪ್ಪುವುದಿಲ್ಲ. ಕೊನೆಗೆ ಪೇಟೆಯಲ್ಲಿ ಕೆಟ್ಟವೇ ಹೆಚ್ಚಾಗಿ ಉಳಿಯುತ್ತವೆ. ಈ ಸರಳ ವಿಚಾರದಿಂದ ಮೊದಲಾದ ಶಾಸ್ತ್ರಕ್ಕಾಗಿ 2001ರಲ್ಲಿ ಅವರು ಇನ್ನಿಬ್ಬರೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡರು.

ನಮ್ಮ ದನದ ಸಂತೆಯ ರೈತನಿಗೆ ಇದು ಹೊಸ ಮಾತಲ್ಲ. ಅವನು ಎತ್ತಿನ ಮೈ ನೋಡಿ ಮರುಳಾಗದೆ ಬಾಯಿ ತೆರೆಯಿಸಿ ಹಲ್ಲು ಎಣಿಸುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಕಾರಿಗೂ ಹಲ್ಲುಗಳಿವೆ. ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿಗಳನ್ನು ನೋಡಿರಿ: 2321 ಎಂದಿದ್ದರೆ ಅದು 2021ರ 23ನೆಯ ವಾರದಲ್ಲಿ ತಯಾರಾದದ್ದು. ಮೀಟರು 25,000 ಕಿಲೋಮೀಟರೆಂದು ತೋರಿಸುತ್ತಿದ್ದು, ಟೈರು ಗಾಡಿಗಿಂತ ಮೂರು ವರ್ಷ ಚಿಕ್ಕದಾಗಿದ್ದರೆ, ಮೊದಲಿನ ಟೈರುಗಳು ಅಷ್ಟು ಬೇಗ ಏಕೆ ಹೋದವೆಂದು ಕೇಳಬೇಕು. ಬ್ರೇಕಿನ ಪೆಡಲಿನ ರಬ್ಬರು, ಸ್ಟಿಯರಿಂಗಿನ ನುಣುಪು, ಚಾಲಕನ ಸೀಟಿನ ಅಂಚು ಇವುಗಳ ಸವೆತಕ್ಕೆ ಸುಳ್ಳು ಹೇಳಲು ಬಾರದು. ಮೀಟರನ್ನು ತಿರುಗಿಸುವವರು ಇವನ್ನು ಮರೆಯುತ್ತಾರೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ ಎಂಬ ಗಾದೆ ಪಾಲಿಶ್ ಮಾಡಿದ ಗಾಡಿಗೂ ಸಲ್ಲುತ್ತದೆ.

ಇಂಜಿನ್ನು ತಣ್ಣಗಿರುವಾಗಲೇ ಚಾಲು ಮಾಡಿಸಬೇಕು. ಮೊದಲೇ ಬಿಸಿ ಮಾಡಿಟ್ಟ ಇಂಜಿನ್ನು ತನ್ನ ರೋಗವನ್ನು ಅಡಗಿಸಿಕೊಳ್ಳುತ್ತದೆ. ಎರೆಭೂಮಿಯ ಹೊಲದ ದಾರಿ, ಕಬ್ಬಿನ ಟ್ರಾಕ್ಟರುಗಳು ತುಳಿದ ರಸ್ತೆಗಳಲ್ಲಿ ಓಡಿದ ಗಾಡಿಯ ಸಸ್ಪೆನ್ಶನ್ನನ್ನು ನಂಬಿಕೆಯ ಮೇಸ್ತ್ರಿಯಿಂದ ತಪ್ಪದೆ ಪರೀಕ್ಷೆ ಮಾಡಿಸಬೇಕು.

ನೀರು ಕುಡಿದ ಗಾಡಿ

ಈ ಸೀಮೆಯಲ್ಲಿ ಕೇಳಲೇಬೇಕಾದ ವಿಶೇಷ ಪ್ರಶ್ನೆಯೊಂದಿದೆ: “2019ರ ಆಗಸ್ಟಿನಲ್ಲಿ ಈ ಗಾಡಿ ಎಲ್ಲಿ ನಿಂತಿತ್ತು?” ಆ ತಿಂಗಳು ಘಟಪ್ರಭೆ, ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳು ಉಕ್ಕಿ ಹರಿದು ಗೋಕಾಕದ ತಗ್ಗು ಭಾಗಗಳನ್ನೂ ಹುಕ್ಕೇರಿ, ಮೂಡಲಗಿ ತಾಲೂಕುಗಳ ನದಿದಂಡೆಯ ಹಳ್ಳಿಗಳನ್ನೂ ಮುಳುಗಿಸಿದವು. 2021ರ ಜುಲೈಯಲ್ಲಿ ಮತ್ತೆ ಪ್ರವಾಹ ಬಂದಿತು. ನೆರೆಯ ಕೊಲ್ಲಾಪುರದಲ್ಲಿಯೂ ಎರಡು ಸಲವೂ ಅದೇ ಗತಿ.

ನೀರಿನಲ್ಲಿ ನಿಂತ ಗಾಡಿಯನ್ನು ತೊಳೆದು ಒಣಗಿಸಿದರೆ ಹೊರಗೆ ಏನೂ ಕಾಣದು. ಆದರೆ ವಿದ್ಯುತ್ ತಂತಿಗಳ ಕೂಡುಬಾಯಿಗಳು ಒಳಗೊಳಗೇ ಕಿಲುಬು ಹಿಡಿಯುತ್ತ ಹೋಗುತ್ತವೆ. ಒಂದು ದಿನ ನಟ್ಟಿರುಳಿನಲ್ಲಿ ದೀಪ ಆರುತ್ತದೆ, ಇಲ್ಲವೆ ಅಪಘಾತದ ಗಳಿಗೆಯಲ್ಲಿ ಏರ್‌ಬ್ಯಾಗ್ ತೆರೆಯದೆ ಹೋಗುತ್ತದೆ. ಸೀಟ್ ಬೆಲ್ಟನ್ನು ಪೂರ್ಣ ಹೊರಗೆಳೆದು ನೋಡಿರಿ. ಕೆಸರುನೀರಿನ ಗೆರೆ ಅಲ್ಲಿ ಉಳಿದಿರುತ್ತದೆ. ನೆಲಹಾಸನ್ನು ಎತ್ತಿರಿ, ಸೀಟಿನ ಕೆಳಗಿನ ಕಂಬಿಯ ತುಕ್ಕನ್ನು ನೋಡಿರಿ, ಹೆಚ್ಚುವರಿ ಗಾಲಿಯ ಕುಳಿಯಲ್ಲಿ ಕೈಯಾಡಿಸಿರಿ. ಇಂಥ ಗಾಡಿಗೆ ಸವಕಳಿಯ ಪಟ್ಟಿ ಅನ್ವಯಿಸುವುದಿಲ್ಲ. ಎಷ್ಟು ಅಗ್ಗವಾದರೂ ಮನೆಯವರನ್ನು ಕೂಡಿಸಿಕೊಂಡು ಹೋಗುವ ಗಾಡಿ ಅದಲ್ಲ.

ಗಡಿಯಾಚೆಯ ಅಗ್ಗ

ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ಕೊಲ್ಲಾಪುರ ದೂರವಿಲ್ಲ. ಅಲ್ಲಿಯ ಎಂಎಚ್ 09 ಅಂಕಿತದ ಗಾಡಿ ಗೋಕಾಕದ ಕೆಎ 49, ಚಿಕ್ಕೋಡಿಯ ಕೆಎ 23 ಗಾಡಿಗಳಿಗಿಂತ ಅಗ್ಗವಾಗಿ ಸಿಕ್ಕಿತೆಂದು ಹಿಗ್ಗುವ ಮೊದಲು ಕಾರಣ ತಿಳಿಯಬೇಕು. ಕರ್ನಾಟಕದ ಗಾಡಿಯಲ್ಲಿ ಇಲ್ಲಿಯ ಆಜೀವ ತೆರಿಗೆ ಅಡಕವಾಗಿರುತ್ತದೆ. ಮಾಲೀಕ ಬದಲಾದರೂ ಅದು ಗಾಡಿಯೊಡನೆಯೇ ಬರುತ್ತದೆ. ಪರರಾಜ್ಯದ ಗಾಡಿಯನ್ನು ಹನ್ನೆರಡು ತಿಂಗಳು ಮೀರಿ ಇಲ್ಲಿಟ್ಟರೆ ಮೋಟಾರು ವಾಹನ ಕಾಯಿದೆಯ 47ನೆಯ ಕಲಮಿನಂತೆ ಇಲ್ಲಿಯ ನೋಂದಣಿ ಪಡೆಯಬೇಕು. ಅದಕ್ಕೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಗಾಡಿಯ ವಯಸ್ಸಿಗನುಗುಣವಾಗಿ ಇಲ್ಲಿಯ ತೆರಿಗೆ ತುಂಬಬೇಕು. ಇವೆಲ್ಲವನ್ನೂ ಬೆಲೆಗೆ ಕೂಡಿಸಿದ ಮೇಲೆಯೇ ಯಾವುದು ಅಗ್ಗವೆಂದು ಹೇಳಬಹುದು.

ಕಾಗದದ ಹೊಣೆ

ದರ ಕುದುರಿದ ಮಾತ್ರಕ್ಕೆ ವ್ಯವಹಾರ ಮುಗಿಯುವುದಿಲ್ಲ. ನೋಂದಣಿ ಪುಸ್ತಕದಲ್ಲಿ ಬ್ಯಾಂಕಿನ ಹೆಸರಿದ್ದರೆ ಸಾಲ ತೀರಿದ ಪತ್ರವನ್ನೂ 35ನೆಯ ನಮೂನೆಯನ್ನೂ ಪಡೆಯಬೇಕು. ಹೆಸರು ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳಿವೆ. ಗಾಡಿ ಹದಿನೈದು ವರ್ಷದ ಅಂಚಿನಲ್ಲಿದ್ದರೆ ನೋಂದಣಿ ನವೀಕರಣದ ವೆಚ್ಚವನ್ನೂ ಎಣಿಸಬೇಕು; 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು.

ಇಲ್ಲಿ ಮಾರುವವನಿಗೂ ಎಚ್ಚರಿಕೆಯ ಮಾತಿದೆ. ಹಣ ಎಣಿಸಿಕೊಂಡು, ಸಹಿ ಹಾಕಿದ ಖಾಲಿ ನಮೂನೆ ಕೊಟ್ಟು ಕೈತೊಳೆದುಕೊಳ್ಳುವ ರೂಢಿ ನಮ್ಮಲ್ಲುಂಟು. ಕೈಯಿಂದ ಕೈಗೆ ದಾಟುತ್ತ ಹೋದ ಗಾಡಿಯೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆಯೆಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಮಾರಿದ ಹಣಕ್ಕಿಂತ ಹತ್ತುಪಟ್ಟು ದಂಡ ಆ ಒಂದು ಉದಾಸೀನದಿಂದ ತಲೆಗೆ ಬಂದೀತು. ಕೊಳ್ಳುವವನೂ ಹದಿನಾಲ್ಕು ದಿನಗಳೊಳಗೆ ವಿಮೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು.

ನ್ಯಾಯವಾದ ಬೆಲೆಯೆಂಬುದು ಯಾವ ಪಟ್ಟಿಯಲ್ಲಿಯೂ ಸಿದ್ಧವಾಗಿ ಕುಳಿತಿಲ್ಲ. ಗಾಡಿಯ ಗುಣದೋಷಗಳನ್ನು ಇಬ್ಬರೂ ಸಮಾನವಾಗಿ ಅರಿತು, ಇಬ್ಬರೂ ಮನಸಾರೆ ಒಪ್ಪಿದ ಅಂಕಿಯೇ ನ್ಯಾಯವಾದ ಬೆಲೆ. ದೋಷವನ್ನು ತಾನಾಗಿ ಹೇಳಿದ ಮಾರಾಟಗಾರನಿಗೆ ನಾಲ್ಕು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ. “ಇವತ್ತೇ ಮುಂಗಡ ಕೊಡಿ, ನಾಳೆ ಇನ್ನೊಬ್ಬರು ಬರುತ್ತಾರೆ” ಎಂದು ಅವಸರಪಡಿಸುವವನಿಗೆ ನಮಸ್ಕಾರ ಮಾಡಿ ಎದ್ದು ಬರುವುದು ಲೇಸು. ಕಾರುಗಳಿಗೆ ಈಗ ಬರವಿಲ್ಲ. ಕೂಡಿಟ್ಟ ಹಣಕ್ಕೆ ಬರವಿದೆ.